ಮೊದಲು ಮೂಗಿಗೆ ಬಂದದ್ದು

ಎರಡು ಮಿಲಿಗ್ರಾಂ ಎಂದರೆ ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದರೆ ನೀಲಾಂಬಿಕೆ ಮೇಜಿನ ಡ್ರಾಯರಿನಿಂದ ಒಂದು ಗುಲಗಂಜಿ ತೆಗೆದು ಅವರ ಅಂಗೈಗೆ ಹಾಕುತ್ತಿದ್ದಳು. "ಇದನ್ನ ಅರವತ್ತು ಪಾಲು ಮಾಡಿ. ಐವತ್ತೊಂಬತ್ತನ್ನ ಊದಿಬಿಡಿ. ಉಳೀತಲ್ಲ, ಅಷ್ಟು." ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಆ ಅರವತ್ತನೆಯ ಪಾಲಿಗಾಗಿ ಅವಳು ಎಂಟು ವರ್ಷದಿಂದ ಕಾದು ಕೂತಿದ್ದಳು.

ಮೂಗುಜ್ವರ ಬಂದು ಹೋಗಿ ಎಂಟು ವರ್ಷವಾಗಿತ್ತು. ಮೂರು ದಿನ ಮೈ ಬಿಸಿಯಾಗಿ ನಾಲ್ಕನೆಯ ದಿನ ಬೆವರಿ ಇಳಿದುಹೋಗುವ ಸಾಧಾರಣ ಜ್ವರ. ಹೋಗುವಾಗ ಮಾತ್ರ ವಾಸನೆಯನ್ನು ಗಂಟು ಕಟ್ಟಿಕೊಂಡು ಹೋಯಿತು. ಮೈಸೂರಿನಲ್ಲಿ ಹತ್ತು ಜನರಲ್ಲಿ ಏಳು ಮಂದಿಗೆ ಹೀಗಾಯಿತು. ಪ್ರಾಣ ಹೋಗಲಿಲ್ಲವಲ್ಲ, ಮೂಗು ತಾನೇ ಎಂದು ಜನ ಮೊದಮೊದಲು ಸಮಾಧಾನ ಮಾಡಿಕೊಂಡರು. ಆಮೇಲೆ ಹಳಸಿದ ಸಾರು ಉಂಡು ಆಸ್ಪತ್ರೆ ಸೇರಿದವರಾದರು, ಗ್ಯಾಸ್ ಸೋರಿದ್ದು ತಿಳಿಯದೆ ಮನೆ ಸುಟ್ಟುಕೊಂಡವರಾದರು. ಬೀದಿಗೊಬ್ಬರಂತೆ 'ಮೂಗಿನವರು' ಹುಟ್ಟಿಕೊಂಡರು. ಬೆಳಗಾದರೆ ಹೆಂಗಸರು ನಿನ್ನೆಯ ಹುಳಿಯ ಪಾತ್ರೆ ಹಿಡಿದು ಅವರ ಬಾಗಿಲಲ್ಲಿ ಸಾಲು ನಿಲ್ಲುವುದು, ಅವರು ಮುಚ್ಚಳ ತೆಗೆದು ಮೂಸಿ "ಉಣ್ಬೋದು", "ಚೆಲ್ಲಿ" ಎಂದು ತೀರ್ಪು ಕೊಡುವುದು. ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ. ಒಗ್ಗಿಕೊಂಡ ಮೇಲೂ ಒಳಗೊಂದು ಕಡೆ ಕೊರೆಯುತ್ತಿರುತ್ತದೆ, ಅಷ್ಟೆ.

ನೀಲಾಂಬಿಕೆಗೆ ಜ್ವರ ಬಂದಾಗ ಅವಳು ತುಂಬು ಬಸುರಿ. ಜ್ವರ ಬಿಟ್ಟ ನಾಲ್ಕನೆಯ ದಿನ ಇಂಚರ ಹುಟ್ಟಿದಳು. ಬಾಣಂತಿಯ ಕೋಣೆಗೆ ಬಂದವರೆಲ್ಲ ಕೂಸಿನ ನೆತ್ತಿಗೆ ಮೂಗು ಹಚ್ಚಿ ಕಣ್ಣು ಮುಚ್ಚುತ್ತಿದ್ದರು. "ಆಹಾ!" ಎನ್ನುತ್ತಿದ್ದರು. ನೀಲಾ ಕೂಡ ಹಚ್ಚಿದಳು. ಮೆತ್ತಗಿತ್ತು, ಬೆಚ್ಚಗಿತ್ತು, ಅದರಾಚೆಗೆ ಏನೂ ಇರಲಿಲ್ಲ. ತನ್ನ ಮಗುವನ್ನು ಗಾಜಿನ ಆಚೆಯಿಂದ ಎತ್ತಿಕೊಂಡಿದ್ದೇನೆ ಎನ್ನಿಸಿ ಅವಳು ಗೋಡೆಯ ಕಡೆ ತಿರುಗಿ ಅತ್ತಳು. "ಹೇಗಿರುತ್ರೀ?" ಎಂದು ಗಂಡ ಪ್ರಭುವನ್ನು ಕೇಳಿದರೆ, ರೈಲ್ವೆ ವರ್ಕ್‌ಶಾಪಿನ ಆ ಮನುಷ್ಯ ಬಹಳ ಯೋಚಿಸಿ, "ಮಗು ಮಗು ಥರಾನೇ ಇರುತ್ತೆ ಕಣೇ" ಎಂದಿದ್ದ.

ಸರಿಯಾಗಿ ಹೇಳಿದವರು ಅವಳ ತಂದೆ ಗುರುಪಾದಪ್ಪ. ಮೂವತ್ತೈದು ವರ್ಷ ಅಗರಬತ್ತಿ ಕಾರ್ಖಾನೆಯೊಂದರಲ್ಲಿ ಕಂಪು ಬೆರೆಸುವ ಮೇಸ್ತ್ರಿಯಾಗಿದ್ದವರು ಅವರು. "ಮೇಲೆ ಹರಳೆಣ್ಣೆ, ಅದರ ಹಿಂದೆ ಸಾಂಬ್ರಾಣಿ ಹೊಗೆ, ಆಮೇಲೆ ಹಾಲು ಕಣವ್ವ. ಹಾಲಿನ ಕೆಳಗೆ ಇನ್ನೊಂದಿದೆ. ಅದಕ್ಕೆ ಹೆಸರಿಲ್ಲ, ಬಿಸಿಲಿಗೆ ಹಾಕಿದ ಹತ್ತಿ ಬಟ್ಟೆ ಮಡಿಚಿದ ಹಾಗೆ." ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅವರು ಹೆಬ್ಬೆರಳುದ್ದದ ಕಂದು ಬಾಟಲಿಯೊಂದನ್ನು ತಂದು ಮಗಳ ಕೈಲಿಟ್ಟರು. ಬಾಯಿಗೆ ಮೇಣ ಹಾಕಿ ಮುಚ್ಚಿತ್ತು. "ನಮ್ ಕೂಸಿನ ನೆತ್ತಿ ಇದರಲ್ಲಿದೆ. ಔಷಧಿ ಇವತ್ತಲ್ಲ ನಾಳೆ ಬರುತ್ತೆ. ನಿನ್ ಮೂಗು ಬಂದ ದಿನ ಬಿಚ್ಚು."

ಆ ಬಾಟಲಿ ಬೀರುವಿನಲ್ಲಿ, ಅವಳ ಮದುವೆ ಸೀರೆಯ ಮಡಿಕೆಯೊಳಗೆ ಏಳು ವರ್ಷ ಕೂತಿತ್ತು.

ಔಷಧಿ ನಿಜಕ್ಕೂ ಬಂತು. ಬಂದದ್ದು ನೀಲಾ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲೇ. ಊರ ಹೊರಗಿನ ಆ ಕಟ್ಟಡದಲ್ಲಿ ಅವಳು ತೂಕದ ಕೋಣೆಯ ಹಿರಿಯ ಟೆಕ್ನಿಷಿಯನ್. ಬಿಳಿಯ, ಹಿಟ್ಟಿನಂಥ ಆ ಪುಡಿಗೆ ಕಾಗದದ ಮೇಲೆ ಉದ್ದ ಹೆಸರಿತ್ತು. ಎಲ್ಲರೂ ಚಿಗುರು ಎನ್ನುತ್ತಿದ್ದರು. ಸತ್ತುಹೋದ ಮೂಗಿನ ನರದಲ್ಲಿ ಅದು ಹೊಸ ಚಿಗುರು ಒಡೆಸುತ್ತಿತ್ತು, ಒಂದು ತಾಸಿನ ಮಟ್ಟಿಗೆ, ಜೀವಮಾನದಲ್ಲಿ ಒಂದೇ ಸಲ. ಆ ತಾಸಿನಲ್ಲಿ ಎಲ್ಲ ವಾಸನೆಯೂ ಬರುತ್ತಿತ್ತು. ತಾಸು ಮುಗಿದ ಮೇಲೆ ಉಳಿಯುತ್ತಿದ್ದುದು ಒಂದೇ: ಚಿಗುರು ಒಡೆದ ಗಳಿಗೆಯಲ್ಲಿ ಮೂಗಿಗೆ ಮೊದಲು ಒತ್ತಿ ಬಂದದ್ದು. ಮೊದಲು ಬಾಗಿಲು ತಟ್ಟಿದವರು ಮನೆಯವರು, ಆಮೇಲೆ ಬಂದವರೆಲ್ಲ ನೆಂಟರು. ನೆಂಟರು ಎದ್ದು ಹೋಗುತ್ತಾರೆ. ಮನೆಯವರು ಸಾಯುವವರೆಗೂ ಇರುತ್ತಾರೆ.

ಒಬ್ಬರಿಗೆ ಬೇಕಾದದ್ದು ಎರಡೇ ಮಿಲಿಗ್ರಾಂ. ನಾಲ್ಕಾದರೆ ಚಿಗುರು ಸುಟ್ಟುಹೋಗುತ್ತದೆ. ಎರಡು ಮಿಲಿಗ್ರಾಮನ್ನು ನೇರವಾಗಿ ತೂಗಲು ಹೋದರೆ, ಬಾಗಿಲು ಸಂದಿಯ ಗಾಳಿಗೇ ತಕ್ಕಡಿ ಅಷ್ಟು ಓಲಾಡುತ್ತದೆ. ಹಾಗಾಗಿ ದೊಡ್ಡ ಪಾಲೊಂದನ್ನು ತೂಗಿ ದ್ರವದಲ್ಲಿ ಕರಗಿಸಿ ದ್ರವವನ್ನೇ ಅಳೆಯಬೇಕು. ನೂರು ಮಿಲಿಗ್ರಾಂ ಪುಡಿ, ಐವತ್ತು ಮಿಲಿಲೀಟರ್ ದ್ರವ. ಒಂದು ಮಿಲಿಲೀಟರ್ ತೆಗೆದರೆ ಅದರಲ್ಲಿ ಸರಿಯಾಗಿ ಎರಡು ಮಿಲಿಗ್ರಾಂ. ಲೆಕ್ಕವೇನೋ ಶಾಲೆಯ ಮಕ್ಕಳದ್ದು. ಕರಗಿಸುವುದು ಯಾವುದರಲ್ಲಿ ಎನ್ನುವುದರಲ್ಲಿ ಪ್ರಯೋಗಾಲಯ ಒಮ್ಮೆ ಮುಗ್ಗರಿಸಿತ್ತು.

ಮೊದಲ ತಂಡದ ಇಪ್ಪತ್ತೆರಡು ಜನರಿಗೆ ದ್ರವ ಆರಿಸಿದ್ದವಳು ನೀಲಾಂಬಿಕೆಯೇ. ಆರಿಸಿದ್ದು ಔಷಧಿ ದರ್ಜೆಯ ಸ್ಪಿರಿಟ್ಟು. ಪುಡಿ ಅದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗುತ್ತಿತ್ತು, ತಳದಲ್ಲಿ ಗಸಿ ನಿಲ್ಲುತ್ತಿರಲಿಲ್ಲ, ಒಂದು ಮಿಲಿಲೀಟರ್ ಕುಡಿದರೆ ಯಾರಿಗೂ ಏನೂ ಆಗುವುದಿಲ್ಲ. ಕಡತದಲ್ಲಿ ಆರು ಜನ ಸಹಿ ಹಾಕಿದರು. ಆ ಆರರಲ್ಲಿ ಐವರಿಗೆ ಮೂಗುಜ್ವರ ಬಂದು ಹೋಗಿತ್ತು, ಆರನೆಯವರು ಸಭೆಗೆ ಬಂದಿರಲಿಲ್ಲ. ಸ್ಪಿರಿಟ್ಟಿಗೆ ವಾಸನೆ ಎಂಬುದೊಂದಿದೆ ಎಂದು ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾಲಿಗೆಯ ಕೆಳಗೆ ಬಿಟ್ಟ ಸ್ಪಿರಿಟ್ಟು, ಮೂಗಿಗೆ ಕ್ಲಿಪ್ ಹಾಕಿದ್ದರೂ, ಗಂಟಲ ಹಿಂದಿನಿಂದ ಏರಿ ಎಲ್ಲರಿಗಿಂತ ಮೊದಲು ಬಾಗಿಲು ತಟ್ಟಿತು. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಅವರಲ್ಲೊಬ್ಬಳು ಮಾರ್ಕೆಟ್ಟಿನಲ್ಲಿ ಹೂವು ಮಾರುವ ಕೆಂಪಾಜಮ್ಮ. ತಿಂಗಳಾದ ಮೇಲೆ ಅವಳು ಪ್ರಯೋಗಾಲಯದ ಗೇಟಿಗೆ ಬಂದು ನೀಲಾಳನ್ನು ಕರೆಸಿದಳು. ಕೈಯಲ್ಲಿ ಒಂದು ಮೊಳ ಮಲ್ಲಿಗೆ ಇತ್ತು.

"ಬೈಯಕ್ ಬರ್ಲಿಲ್ಲ ಕಣವ್ವ," ಎಂದಳು. "ನಂಗ್ ಬೇಕಾಗಿದ್ದು ಇದು. ನೀವು ಕೊಟ್ಟಿದ್ದು ಸೂಜಿ ಚುಚ್ಚಕ್ ಮುಂಚೆ ತೋಳಿಗ್ ಒರೆಸ್ತಾರಲ್ಲ, ಅದು. ಈಗ ಊರಲ್ಲಿ ನಂಗೆ ಗೊತ್ತಾಗೋದು ಆಸ್ಪತ್ರೆ ಒಂದೇಯ. ಅಲ್ಲಿಗೋದ್ರೆ ಮೂಗು ಬತ್ತದೆ, ಆಚೆ ಬಂದ್ರೆ ಓಯ್ತದೆ. ಇನ್ನೊಬ್ರಿಗ್ ಹಿಂಗ್ ಮಾಡ್ಬ್ಯಾಡಿ ಅಂತ ಯೋಳ್ ಓಗಣ ಅಂತ ಬಂದೆ."

ಮಲ್ಲಿಗೆಯನ್ನು ನೀಲಾಳ ಮುಡಿಗೆ ತಾನೇ ಸಿಕ್ಕಿಸಿ ಹೋದಳು. ಬೈದಿದ್ದರೆ ನೀಲಾಗೆ ಅಷ್ಟು ನೋಯುತ್ತಿರಲಿಲ್ಲ.

ಆಮೇಲಿನ ಐದು ತಿಂಗಳು ತೂಕದ ಕೋಣೆಯಲ್ಲಿ ನಡೆದದ್ದು ಒಂದೇ ಹುಡುಕಾಟ. ಪುಡಿ ಕರಗಬೇಕು, ಕುಡಿದವರಿಗೆ ಕೆಡುಕಾಗಬಾರದು, ವಾಸನೆ ಕಿಂಚಿತ್ತೂ ಇರಬಾರದು. ನೀರಿಗೆ ಹಾಕಿದರೆ ಪುಡಿ ಕರಗದೆ ರಾಗಿ ಗಂಜಿಯ ಹಾಗೆ ತಳ ಹಿಡಿಯಿತು. ಮೇಲಿನ ಹನಿ ಕುಡಿದವರಿಗೆ ಏನೂ ಸಿಕ್ಕದು, ತಳದ ಹನಿ ಕುಡಿದವರ ಚಿಗುರು ಸುಟ್ಟುಹೋದೀತು. ಎಣ್ಣೆಗಳಿಗೆ ತಮ್ಮದೇ ವಾಸನೆ. ಕರಗಿಸುವುದರಲ್ಲಿ ಗಟ್ಟಿಗವಾದ ಕೆಲವು ದ್ರವಗಳು ಯಂತ್ರ ತೊಳೆಯಲು ಸರಿ, ಮನುಷ್ಯರ ಹೊಟ್ಟೆಗಲ್ಲ.

ಒಂದು ಸಂಜೆ ಗುರುಪಾದಪ್ಪನವರೇ, "ನಮ್ ಡಿಇಪಿ ಹಾಕ್ಬಾರ್ದೇನವ್ವ? ಇಡೀ ಕಾರ್ಖಾನೆ ಗಂಧ ತೆಳು ಮಾಡೋದು ಅದರಲ್ಲೇ. ಏನೂ ವಾಸನೆ ಇರಲ್ಲ," ಎಂದರು.

"ಅದು ಬತ್ತಿಗೆ ಅಪ್ಪಾಜಿ, ಬಾಯಿಗಲ್ಲ."

"ಮೂವತ್ತೈದು ವರ್ಷ ಕೈಯೆಲ್ಲ ಅದೇ ಆಗಿತ್ತು, ನಂಗೇನಾಯ್ತು?"

"ಆಗಿಲ್ಲ ಅಂತ ಹೇಳೋಕೆ ನೀವೇನ್ ಡಾಕ್ಟ್ರಾ?" ಎಂದು ನೀಲಾ ನಕ್ಕಳು. ಅವರೂ ನಕ್ಕರು.

ಕೊನೆಗೆ ಎರಡು ಉಳಿದವು. ಒಂದು ಗ್ಲಿಸರಿನ್ನು, ಇನ್ನೊಂದು ಪ್ರೊಪಿಲೀನ್ ಗ್ಲೈಕಾಲು, ಕೆಮ್ಮಿನ ಔಷಧಿಗಳಿಗೆ ಹಾಕುವಂಥದ್ದು. ಅದರಲ್ಲೂ ಔಷಧಿ ದರ್ಜೆಯದ್ದೇ, ಪರೀಕ್ಷೆಯ ಪತ್ರ ಇರುವ ಸೀಲು ಒಡೆಯದ ಡಬ್ಬವೇ ಆಗಬೇಕೆಂದು ನೀಲಾ ಹಟ ಹಿಡಿದಳು. ಅಗ್ಗದ ಡ್ರಮ್ಮುಗಳಲ್ಲಿ ಅದರ ದಾಯಾದಿಯೊಂದು ಬೆರೆತಿರುವುದುಂಟು, ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಎರಡು ದಿನ ತಡವಾದರೂ ಪ್ರತಿ ಡಬ್ಬವನ್ನು ತಾನೇ ಮತ್ತೆ ಪರೀಕ್ಷಿಸಿದಳು.

ಇನ್ನು ಬೇಕಾದದ್ದು ಮೂಗು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಫ್ಲಾವಿಯಾ ಮಂಗಳೂರಿನವರು. ಮೂಗಿಲ್ಲದೆ ಸಹಿ ಹಾಕಿದ ಐವರಲ್ಲಿ ಒಬ್ಬರಾಗಿದ್ದ ಅವರಿಗೆ ಆ ಸಂಕಟ ಇನ್ನೂ ಇತ್ತು. "ಈ ಸಲ ಮೂಗಿಲ್ಲದವರು ಸಹಿ ಹಾಕುವ ಆಟ ಬೇಡ ಮಾರಾಯ್ತಿ," ಎಂದರು. "ಹೊರಗಿನ ಮೂಗು ಬೇಕು, ಒಳ್ಳೆಯದು. ನಿಮ್ಮ ಅಪ್ಪ ಇದ್ದಾರಲ್ಲ? ಅವರಿಗಿಂತ ದೊಡ್ಡ ಮೂಗು ಈ ಊರಲ್ಲಿ ಯಾರದ್ದುಂಟು?"

ಹೌದಲ್ಲ ಎಂದು ನೀಲಾಗೆ ಹೆಮ್ಮೆಯಾಯಿತು. ಗುರುಪಾದಪ್ಪನವರ ಮೂಗಿನ ಕಥೆಗಳನ್ನು ಕೇಳಿಯೇ ಅವಳು ಬೆಳೆದಿದ್ದಳು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಅವರು ಅವಳನ್ನು ಕಂಪಿನ ಕೋಣೆಗೆ ಕರೆದೊಯ್ದು ಒಂದೊಂದೇ ಬಾಟಲಿ ಮೂಸಿಸುತ್ತಿದ್ದರು. ಒಂದು ಕಟ್ಟಳೆಯಿತ್ತು: ಪ್ರತಿ ಬಾಟಲಿಗೆ ಮುಂಚೆ ಮೊಳಕೈ ಮಡಚಿ, ಮಡಿಕೆಯೊಳಗೆ ಮೂಗಿಟ್ಟು ಒಂದುಸಿರು ತೆಗೆದುಕೊಳ್ಳಬೇಕು. "ತಕ್ಕಡಿ ಮೊದಲು ಸೊನ್ನೆಗೆ ಬರಬೇಕು ಕಣವ್ವ. ಮೂಗಿಗೆ ಸೊನ್ನೆ ಅಂದ್ರೆ ನಿನ್ ತೋಳು." ಅವಳಿಗೆ ಅದು ಎಷ್ಟು ರೂಢಿಯಾಯಿತೆಂದರೆ, ವಾಸನೆ ಹೋದ ಮೇಲೂ, ಹುಳಿಯ ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ ಕೈ ತಾನಾಗಿ ಮಡಚಿ ಮೇಲೇಳುತ್ತಿತ್ತು. ಲ್ಯಾಬಿನ ಹುಡುಗಿಯರು ನಗುತ್ತಿದ್ದರು, "ಮೇಡಂ ಮತ್ತೆ ತೋಳಿಗೆ ಮುತ್ತು ಕೊಟ್ರು!"

ಆ ಭಾನುವಾರ ಅವಳು ಮೂರು ಸಣ್ಣ ಬಾಟಲಿಗಳನ್ನು ಮನೆಗೆ ತಂದಳು. ಒಂದರಲ್ಲಿ ಗ್ಲಿಸರಿನ್ನು, ಎರಡನೆಯದರಲ್ಲಿ ಗ್ಲೈಕಾಲು. ಮೂರನೆಯದರಲ್ಲಿ ಬೇಕೆಂದೇ ನಾಲ್ಕು ಹನಿ ಸ್ಪಿರಿಟ್ಟು ಬೆರೆಸಿದ ಗ್ಲೈಕಾಲು. ಮೂಸುವವರ ಮೂಗು ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಹೀಗೊಂದು ಕಳ್ಳಬಾಟಲಿ ಇಡುವುದು ಪ್ರಯೋಗಾಲಯದ ಪದ್ಧತಿ. ತಂದೆಯ ಮೇಲಿನ ಸಂಶಯದಿಂದ ಇಟ್ಟದ್ದಲ್ಲ.

ಗುರುಪಾದಪ್ಪ ನಡುಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ತೋಳು ಮಡಚಿ ಮೂಸಿದರು. ಬ್ಲಾಟಿಂಗ್ ಪೇಪರಿನ ಪಟ್ಟಿಗಳನ್ನು ಒಂದೊಂದರಲ್ಲೂ ಅದ್ದಿ, ಗಾಳಿಯಲ್ಲಿ ಎರಡು ಸಲ ಆಡಿಸಿ, ಮೂಗಿನ ಕೆಳಗೆ ತಂದು ಕಣ್ಣು ಮುಚ್ಚಿದರು. ಶಿವಪೂಜೆಗೆ ಕೂತವರ ಮುಖದ ಹಾಗಿತ್ತು.

"ಮೂರೂ ಒಂದೇ ಕಣವ್ವ," ಎಂದರು. "ಮೂರರಲ್ಲೂ ಏನಿಲ್ಲ. ಶುದ್ಧ."

ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದ ಇಂಚರ ತಾತನ ಕೈಯಿಂದ ಪಟ್ಟಿಗಳನ್ನು ಕಿತ್ತುಕೊಂಡು ಮೂಸಿದಳು. "ಅಲ್ಲ ತಾತ! ಇದು ಡಾಕ್ಟ್ರ ಥರ ಇದೆ. ಮೂರನೇದು. ಮೂಗೊಳಗೆ ತಣ್ಣಗಾಗುತ್ತೆ. ನಿಂಗ್ ಗೊತ್ತಾಗ್ಲಿಲ್ವಾ?"

ಗುರುಪಾದಪ್ಪನವರು ಕೈಯಲ್ಲಿ ಉಳಿದಿದ್ದ ಒಂದು ಪಟ್ಟಿಯನ್ನು ಮತ್ತೆ ಮೂಗಿನ ಕೆಳಗೆ ತಂದರು. ನೀಲಾಗೆ ಒಂದರ ಹಿಂದೆ ಒಂದು ನೆನಪಾಗತೊಡಗಿತು. ಬೀದಿಯ ಹೆಂಗಸರು ಹುಳಿಯ ಪಾತ್ರೆ ತಂದರೆ, "ನಂದು ಗಂಧದ ಮೂಗು ತಾಯಿ, ಹುಳಿ ಮೂಸಿದ್ರೆ ಕೆಟ್ಟೋಗುತ್ತೆ" ಎಂದು ಅವರು ವಾಪಸ್ಸು ಕಳಿಸುತ್ತಿದ್ದುದು. ಮೇಸ್ತ್ರಿಗೆ ಎಷ್ಟು ಜಂಬ ಎಂದು ಎಲ್ಲರೂ ಆಡಿಕೊಂಡದ್ದು. ಒಲೆಯ ಮೇಲೆ ಹಾಲು ಸೀಯುತ್ತಿದ್ದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದುದು. ಅವೆಲ್ಲ ವಯಸ್ಸಿನದು ಅಂದುಕೊಂಡಿದ್ದಳು ಅವಳು.

ಇಂಚರಳನ್ನು ಎದುರು ಮನೆಗೆ ಆಡಲು ಕಳಿಸಿ ಅವಳು ತಂದೆಯ ಮುಂದೆ ನೆಲದ ಮೇಲೆ ಕೂತಳು.

"ಯಾವಾಗಿಂದ ಅಪ್ಪಾಜಿ?"

"ಮಗು ಹುಟ್ಟಿದ ಹನ್ನೆರಡನೇ ದಿನ." ಅವರು ಪಟ್ಟಿಯನ್ನು ಮಡಚುತ್ತ ಮಡಚುತ್ತ ಹೇಳಿದರು. "ಹನ್ನೊಂದು ದಿನ ಮೂಸಿದ್ದೆ. ಹನ್ನೆರಡನೇ ದಿನ ಜ್ವರ ಬಂತು. ಇಳೀತು. ತೊಟ್ಟಿಲ ಹತ್ರ ಬಗ್ಗಿದೆ, ಏನೂ ಇರ್ಲಿಲ್ಲ."

"ಕಾರ್ಖಾನೇಲಿ?"

"ತೂಕದ ಮೇಲೆ ನಡೀತು. ನನ್ ಪುಸ್ತಕದಲ್ಲಿ ಎಲ್ಲ ಬರೆದಿತ್ತಲ್ಲ, ಇಷ್ಟಕ್ಕೆ ಇಷ್ಟು ಅಂತ. ಹೊಸದೇನಾದ್ರೂ ಮಾಡಿದ್ರೆ ಪ್ಯಾಕಿಂಗ್ ಹೆಂಗಸರ ಮುಂದೆ ಇಡ್ತಿದ್ದೆ, ಅವರ ಮುಖ ನೋಡ್ತಿದ್ದೆ. ಕಣ್ಣು ಚೂರು ಅರಳಿದ್ರೆ ಸರಿ ಅಂತ. ಆರು ವರ್ಷ ಹಂಗೇ ಕಳೆದು ರಿಟೈರಾದೆ. ಮೂಗಿಲ್ಲದ ಮೇಸ್ತ್ರೀನ ಯಾರು ಇಟ್ಕೋತಾರೆ ಹೇಳು?"

ನೀಲಾ ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯದಿತ್ತು. ಕೇಳುವ ಮುಂಚೆ ಅವರೇ ಹೇಳಿದರು.

"ಆ ಬಾಟಲಿಯೂ ಹಂಗೇ. ನೆನಪಿನ ಮೇಲೆ ಮಾಡಿದ್ದು. ಹರಳೆಣ್ಣೆ ಇಷ್ಟು, ಸಾಂಬ್ರಾಣಿ ಇಷ್ಟು ಅಂತ ಲೆಕ್ಕ ಹಾಕಿ ಹಾಕಿ. ಸರಿಯಾಗಿ ಬಂದಿರಬಹುದು. ಬರದೇ ಇರಲೂಬಹುದು. ನಂಗ್ ಗೊತ್ತಿಲ್ಲ ಮಗಳೇ. ನಿನಗೆ ಸಾಯೋವರೆಗೂ ಇರೋದು ಒಂದೇ ವಾಸನೆ. ಅದು ತಪ್ಪಾದ್ರೆ ನಾನು ಎಲ್ಲಿಗೆ ಹೋಗ್ಲಿ? ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೆ."

ನೀಲಾಗೆ ಸಿಟ್ಟು ಬಂತು. ಏಳು ವರ್ಷ ಆ ಬಾಟಲಿಯೊಂದನ್ನೇ ನೆಚ್ಚಿಕೊಂಡಿದ್ದವಳಿಗೆ ಬಾರದೆ ಇರುತ್ತದೆಯೆ? ಇಷ್ಟು ದಿನ ತನ್ನ ಮೂಗಿಗೆ ತುಪ್ಪ ಸವರಿದವರು ಹೆತ್ತ ತಂದೆಯೇ ಎನ್ನಿಸಿತು. ಎದ್ದು ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದಳು. ತೊಳೆಯುತ್ತಿರುವಾಗಲೇ ಸಿಟ್ಟು ಇಳಿದು, ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು: ಎಂಟು ವರ್ಷ ದಿನಾ ಸಂಜೆ ಈ ಮುದುಕ ಮೊಮ್ಮಗಳ ನೆತ್ತಿಗೆ ಮೂಗು ಹಚ್ಚಿ "ಆಹಾ" ಎನ್ನುತ್ತಿದ್ದರಲ್ಲ. ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ನಿಮ್ಮ ಹೆಸರೂ ಬರೆಸೋಣ ಅಪ್ಪಾಜಿ."

"ಅರವತ್ತು ದಾಟಿದ ನರ ಚಿಗುರಲ್ಲ ಅಂತ ನೀನೇ ಹೇಳಿದ್ಯಲ್ಲವ್ವ," ಎಂದು ಅವರು ನಕ್ಕರು. ಅದು ನಿಜವಾಗಿತ್ತು. ಅವರಿಗೆ ಎಪ್ಪತ್ತೆರಡು.

ಇಂಚರಳ ಜೊತೆ ಇನ್ನೂ ಹನ್ನೊಂದು ಮಕ್ಕಳಿಗೆ ಮೂಸಿಸಿ ಪ್ರಯೋಗಾಲಯ ಗ್ಲೈಕಾಲನ್ನು ಒಪ್ಪಿತು. ಪುಡಿ ಗ್ಲಿಸರಿನ್ನಿನಲ್ಲಿ ಕರಗಲು ದಿನಗಟ್ಟಲೆ ತೆಗೆದುಕೊಂಡರೆ ಗ್ಲೈಕಾಲಿನಲ್ಲಿ ಉಗುರು ಬೆಚ್ಚಗೆ ಮಾಡಿದರೆ ಸಾಕಿತ್ತು. ಎರಡನೆಯ ತಂಡಕ್ಕೆ ಮದ್ದು ಅವರವರ ಮನೆಯಲ್ಲೇ ಕೊಡುವುದೆಂದು ತೀರ್ಮಾನವಾಯಿತು. ಫಿನಾಯಿಲಿನ ವಾರ್ಡಿನಲ್ಲಿ ಯಾರ ಬಾಳಿನ ವಾಸನೆಯೂ ಶುರುವಾಗಬಾರದು. ನೀಲಾಳ ಸರದಿ ಒಂಬತ್ತನೆಯದು.

ಬಾಟಲಿ ಬೇಡವಾದ ಮೇಲೆ ಏನು ಬೇಕು ಎಂದು ಅವಳು ಬಹಳ ಯೋಚಿಸಬೇಕಾಗಲಿಲ್ಲ. ಹಸುಗೂಸಿನ ನೆತ್ತಿ ಇನ್ನು ಯಾರಿಂದಲೂ ಸಿಕ್ಕುವುದಿಲ್ಲ. ಎಂಟು ವರ್ಷದ ನೆತ್ತಿಯಾದರೂ ಇದೆಯಲ್ಲ. ಆದರೆ ಅದು ಮಗಳ ಸ್ವಂತದ್ದೇ ಆಗಬೇಕು, ಬೇರೇನೂ ಬೆರೆಯಬಾರದು. ಮೂರು ದಿನ ಇಂಚರಳಿಗೆ ಎಣ್ಣೆ ಹಚ್ಚಬಾರದು, ಸೋಪು ಶಾಂಪೂ ಮುಟ್ಟಿಸದೆ ಬರೀ ಕುದಿಸಿ ಆರಿಸಿದ ನೀರಿನಲ್ಲಿ ತಲೆ ತೊಳೆಯಬೇಕು ಎಂದು ಅವಳು ಪಟ್ಟಿ ಮಾಡತೊಡಗಿದಳು. ಗಾಜಿನ ಪಾತ್ರೆ ತೊಳೆಯುವ ಹಾಗೆ ಮಗಳನ್ನು ತೊಳೆಯುವ ಹವಣಿಕೆ.

"ತೆಗೀ ಅತ್ಲಾಗೆ," ಎಂದರು ಗುರುಪಾದಪ್ಪ. ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಮೇಸ್ತ್ರಿಯ ಗತ್ತು ಬಂದಿತ್ತು. "ವಾಸನೆ ಅನ್ನೋದು ಒಂಟಿಯಾಗಿ ನಿಲ್ಲಲ್ಲ ನೀಲಾ. ಏನಾದ್ರೊಂದರಲ್ಲಿ ಕರಗಿರಲೇಬೇಕು. ಗಂಧ ಎಣ್ಣೇಲಿ ನಿಲ್ಲುತ್ತೆ, ಮಲ್ಲಿಗೆ ನೂಲಲ್ಲಿ ನಿಲ್ಲುತ್ತೆ. ಈ ಮಗು ಎಂಟು ವರ್ಷದಿಂದ ಕೊಬ್ಬರಿ ಎಣ್ಣೇಲಿ, ಬೀದಿ ಧೂಳಲ್ಲಿ, ಈ ಮನೆ ದಿಂಬಲ್ಲಿ ನಿಂತಿದೆ. ಅದನ್ನೆಲ್ಲ ತೊಳೆದ್ರೆ ನಿಂಗ್ ಸಿಗೋದು ಕುದಿಸಿದ ನೀರು."

ಅವಳು ಪಟ್ಟಿಯನ್ನು ಹರಿದುಹಾಕಿದಳು.

ಆ ಶನಿವಾರ ಬೆಳಿಗ್ಗೆಯಿಂದ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕಿಟಕಿಗಳೆಲ್ಲ ತೆರೆದಿದ್ದವು. ಗುರುಪಾದಪ್ಪನವರು ಇಷ್ಟಲಿಂಗ ಪೂಜೆಗೆ ಮೊದಲ ಸಲ ಅಗರಬತ್ತಿ ಹಚ್ಚದೆ ಕೂತರು. ಪ್ರಭು ರಜೆ ಹಾಕಿ, ಎದುರು ಮನೆ ಪಕ್ಕದ ಮನೆಗಳಿಗೆಲ್ಲ ಹೋಗಿ, "ನಾಲ್ಕು ಗಂಟೆವರೆಗೂ ಏನೂ ಕರೀಬೇಡಿ, ಒಗ್ಗರಣೆನೂ ಬೇಡ" ಎಂದು ಕೈಮುಗಿದು ಬಂದಿದ್ದ. ಜನ ಪಾಪ, ಒಪ್ಪಿದರು. ಅವರಲ್ಲೂ ಎಷ್ಟೋ ಜನ ಸರದಿಯಲ್ಲಿದ್ದರು.

ಮೂರು ಗಂಟೆಗೆ ಡಾಕ್ಟರ್ ಫ್ಲಾವಿಯಾ ಬಂದರು. ಸೂಜಿಯಿಲ್ಲದ ಸಿರಿಂಜಿನಲ್ಲಿ ದ್ರವ ಎಳೆದು ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿದರು, ನೀಲಾಗೂ ತೋರಿಸಿದರು. ಸರಿಯಾಗಿ ಒಂದು. ಮೂಗಿಗೆ ಕ್ಲಿಪ್ ಹಾಕಿ ನಾಲಿಗೆಯ ಕೆಳಗೆ ಬಿಟ್ಟರು. ಸ್ವಲ್ಪ ಸಿಹಿಯಾಗಿತ್ತು.

"ಹತ್ತು ನಿಮಿಷ. ನಾನು ಹೇಳಿದಾಗ ಕ್ಲಿಪ್ ತೆಗಿ, ಮಗುವಿನ ತಲೆಗೆ ಮೂಗು ಇಡು. ಅಷ್ಟೇ ಕೆಲಸ."

ಇಂಚರ ಬೆಳಿಗ್ಗೆಯೆಲ್ಲ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬಂದಿದ್ದಳು. ಎರಡು ಜಡೆ, ನಿನ್ನೆಯ ಎಣ್ಣೆ, ಹಣೆಯ ಮೇಲೆ ಬೆವರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹಾಗಿತ್ತು ಅವತಾರ. ಎರಡು ನಿಮಿಷ ಗಂಭೀರವಾಗಿ ಕೂತಳು. ಮೂರನೆಯ ನಿಮಿಷಕ್ಕೆ ಬೇಸರವಾಗಿ ಅಮ್ಮನ ಪಕ್ಕಕ್ಕೆ ಒರಗಿ, ಅವಳ ಬಲ ತೋಳನ್ನು ಎಳೆದು ದಿಂಬು ಮಾಡಿಕೊಂಡು, ಮೊಳಕೈ ಮಡಿಕೆಯಲ್ಲಿ ತಲೆಯಿಟ್ಟು ಮಲಗಿಬಿಟ್ಟಳು. ತೋಳು ಜೋಮು ಹಿಡಿಯುತ್ತಿತ್ತು. ನೀಲಾ ಅಲ್ಲಾಡಲಿಲ್ಲ. ಮಗಳ ಬಿಸಿ ತನ್ನ ರವಿಕೆಯ ತೋಳಿನ ಅಂಚಿನವರೆಗೆ ಇಳಿಯುತ್ತಿದ್ದುದನ್ನು ಅನುಭವಿಸುತ್ತ, ಈ ಗಾಜು ಇನ್ನು ಏಳು ನಿಮಿಷ, ಇನ್ನು ಆರು ನಿಮಿಷ ಎಂದು ಎಣಿಸಿದಳು.

"ಮಗು, ಏಳು. ಅಮ್ಮನ ಮುಂದೆ ಕೂತ್ಕೋ," ಎಂದರು ಫ್ಲಾವಿಯಾ. "ನೀಲಾಂಬಿಕೆ, ಈಗ."

ಇಂಚರ ಎದ್ದು ಕೂತು ತಲೆ ಬಗ್ಗಿಸಿದಳು. ನೀಲಾ ಕ್ಲಿಪ್ ತೆಗೆದಳು. ತೆಗೆದ ಬಲಗೈ, ಮೂವತ್ತು ವರ್ಷದಿಂದ ಮಾಡಿಕೊಂಡು ಬಂದ ಹಾಗೆ, ಯಾರನ್ನೂ ಕೇಳದೆ ಮಡಚಿ ಮೇಲೆದ್ದಿತು.

"ಅವ್ವಾ, ಬೇಡ!" ಎಂದು ಗುರುಪಾದಪ್ಪ ಕೂಗಿದರು. ಅಷ್ಟರಲ್ಲಿ ಅವಳ ಮೂಗು ತೋಳಿನ ಮಡಿಕೆಯಲ್ಲಿತ್ತು. ಉಸಿರು ಒಳಗೆ ಹೋಗಿಯಾಗಿತ್ತು.

ಫ್ಲಾವಿಯಾ ತಲೆಯ ಮೇಲೆ ಕೈಯಿಟ್ಟುಕೊಂಡರು. ಪ್ರಭು ಏನಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡಿದ. ನೀಲಾ ಮಾತ್ರ ತೋಳಿನಿಂದ ಮುಖ ಎತ್ತಲೇ ಇಲ್ಲ. ಅವಳ ಬೆನ್ನು ಅಲುಗುತ್ತಿತ್ತು. ತನ್ನ ತಪ್ಪಿಗೆ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು.

ಎಣ್ಣೆಯಿತ್ತು. ಎಣ್ಣೆಯ ಒಳಗೆ ಬಿಸಿಲಿತ್ತು, ಮಣ್ಣಿತ್ತು, ಉಪ್ಪುಪ್ಪಾದ ಬೆವರಿತ್ತು. ಅದರ ಕೆಳಗೆ ಹಳೆಯ ಪರಿಚಯದ ಒಂದು ವಾಸನೆ, ಚಿಕ್ಕವಳಿದ್ದಾಗ ಕಂಪಿನ ಕೋಣೆಯಲ್ಲಿ ನೂರಾರು ಸಲ ಮುಟ್ಟಿಬಂದ ಅವಳದೇ ಸೊನ್ನೆ. ಎರಡರ ನಡುವೆ ಗೆರೆ ಎಲ್ಲಿದೆ ಎಂದು ಅವಳು ಹುಡುಕಿದಳು, ಸಿಗಲಿಲ್ಲ. ಆಮೇಲೆ ಮಗಳನ್ನು ಎಳೆದು ಅವಳ ನೆತ್ತಿಗೆ, ಕಿವಿಯ ಹಿಂದೆ, ಜಡೆಯ ಬುಡಕ್ಕೆ ಮೂಗು ಹಚ್ಚಿದಳು. ಅಲ್ಲೂ ಅದೇ ಇತ್ತು. "ಕಚಗುಳಿ ಅಮ್ಮಾ," ಎಂದು ಇಂಚರ ನಗುತ್ತ ಒದ್ದಾಡಿದಳು.

ಉಳಿದ ತಾಸಿನಲ್ಲಿ ನೆಂಟರೆಲ್ಲ ಬಂದರು. ಪ್ರಭುವಿನ ಅಂಗಿಯ ಗ್ರೀಸು, ಹಿತ್ತಿಲಿನ ತುಳಸಿ, ಕಾಫಿಪುಡಿಯ ಡಬ್ಬಿ. ಅವಳು ಒಬ್ಬೊಬ್ಬರನ್ನೂ ಮಾತಾಡಿಸಿ ಕಳಿಸಿಕೊಟ್ಟಳು. ಕೊನೆಗೆ ಬೀರು ತೆಗೆದು ಕಂದು ಬಾಟಲಿಯನ್ನು ತಂದು ತಂದೆಯ ಎದುರಿಗೇ ಮೇಣ ಕೆರೆದಳು. ಗುರುಪಾದಪ್ಪ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು, ಪ್ಯಾಕಿಂಗ್ ಹೆಂಗಸರ ಮುಖ ನೋಡುತ್ತಿದ್ದ ಹಾಗೆ.

ಹಾಲಿತ್ತು, ಸಾಂಬ್ರಾಣಿಯಿತ್ತು. ಹಿತವಾಗಿತ್ತು. ಯಾರದೋ ಮನೆಯ ಒಂದು ಮಗು.

"ಚೆನ್ನಾಗಿದೆ ಅಪ್ಪಾಜಿ," ಎಂದಳು.

ಅವರು ತಲೆದೂಗಿದರು. "ಗೊತ್ತಾಯ್ತು ಬಿಡವ್ವ. ಚೆನ್ನಾಗಿದೆ ಅಂದ ಗಿರಾಕಿ ಯಾವತ್ತೂ ಕೊಂಡ್ಕೊಂಡಿಲ್ಲ." ಆಮೇಲೆ ಎದ್ದು ಹೋಗಿ ತಮ್ಮ ಹಳೆಯ ಕಂಪಿನ ಪುಸ್ತಕ ತಂದು, ಖಾಲಿ ಹಾಳೆ ತೆಗೆದು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿದರು. "ಅದಿರ್ಲಿ. ಆ ತೋಳಿಂದು ಹೇಳು. ನಾನಂತೂ ಮೂಸೋ ಹಾಗಿಲ್ಲ, ಬರೆದಾದ್ರೂ ಇಟ್ಕೋತೀನಿ. ಮೇಲೇನು?"

"ಕೊಬ್ಬರಿ ಎಣ್ಣೆ."

"ಎಷ್ಟು?"

"ಹತ್ತರಲ್ಲಿ ನಾಲ್ಕು." ಅವಳು ಮತ್ತೆ ತೋಳಿಗೆ ಮೂಗು ಹಚ್ಚಿದಳು. "ಧೂಳು ಒಂದು. ಬೆವರು ಎರಡು."

ಅವರು ಬರೆದುಕೊಂಡರು. "ಇನ್ನು ಮೂರು ಉಳೀತು. ಅದರಲ್ಲಿ ನಿಂದೆಷ್ಟು, ಮಗೂದೆಷ್ಟು? ಬೇರೆ ಬೇರೆ ಹೇಳು."

"ಬೇರೆ ಮಾಡೋಕಾಗಲ್ಲ ಅಪ್ಪಾಜಿ," ಎಂದಳು ನೀಲಾಂಬಿಕೆ. "ಕರಗಿಬಿಟ್ಟಿದೆ."

ಗುರುಪಾದಪ್ಪ ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಇಂಚರಳನ್ನು ಹತ್ತಿರ ಕರೆದು, ದಿನಾ ಸಂಜೆಯ ಹಾಗೆ, ಅವಳ ನೆತ್ತಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿದರು.